ಕಾರವಾರವೋ, ಅಂಕೋಲಾವೋ?

ನಮ್ಮ ಕಾಕಾ ದಾಂಡೇಲಿಯ ಅರ್ಧ ಗಾಡಿಗಳ ಬ್ರೇಕನ್ನು ಕೈಯಾರೆ ರಿಪೇರಿ ಮಾಡಿದವರು. ಹಾಗಾಗಿಯೇ ಅವರಿಗೆ ಯಾವ ಗಾಡಿಯ ಮೇಲೂ ನಂಬಿಕೆಯಿಲ್ಲ! ಹಳಿಯಾಳದ ಬಸ್ಸು ಹತ್ತುವುದಕ್ಕೂ ಮುಂಚೆ ಒಂದು ಸುತ್ತು ಹಾಕಿ ಗಾಲಿಗಳನ್ನು ಒದ್ದು ನೋಡುತ್ತಾರೆ. "ಲಗೂನ ಹತ್ತರ್ರಿ ಕಾಕಾ, ದನದ ಸಂತಿಗೆ ಬಂದೀರೇನು?" ಎಂದು ಡ್ರೈವರ್ ಕೂಗಿದರೆ, "ಎತ್ತಾದ್ರ ಹಲ್ಲರ ನೋಡಬಹುದಿತ್ತಪಾ, ಇದರದೇನು ನೋಡ್ಲಿ?" ಅನ್ನುತ್ತಾರೆ. ಉಳವಿಯ ಜಾತ್ರೆಗೆ ಹೋದಾಗ ಎಲ್ಲರೂ ಮಕ್ಕಳುಮರಿ ಚೆನ್ನಾಗಿರಲಿ ಎಂದು ಕೈಮುಗಿದರೆ, ಇವರು ವಾಪಸು ಮನೆ ಮುಟ್ಟುವ ತನಕ ಬಸ್ಸಿನ ಬ್ರೇಕು ಚೆನ್ನಾಗಿರಲಿ ಎಂದು ಬೇಡಿಕೊಳ್ಳುತ್ತಾರೆ.

ಇಂಥವರಿಗೆ ಅವರ ಹೆಂಡತಿ, ಅಂದರೆ ನಮ್ಮ ಕಾಕು, ಸಮುದ್ರ ತೋರಿಸಿ ಎಂದುಬಿಟ್ಟರು! ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಕಾಕುವಿಗೆ ಹೃದಯದ ಆಪರೇಷನ್ ಎಂದು ಗೊತ್ತಾಗಿತ್ತು. "ನಾ ಈ ಕಾಳಿ ಹೊಳಿ ಬಿಟ್ರ ಬ್ಯಾರೆ ನೀರ ನೋಡಿಲ್ರಿ. ಒಮ್ಮೆ ಸಮುದ್ರದಾಗ ಕಾಲಿಟ್ಟ ಬರ್ತೇನಿ. ಆಮ್ಯಾಲೆ ಎದಿ ಕೊಯ್ಯಲಿ, ಬೇಕಾದ್ದು ಕೊಯ್ಯಲಿ" ಅಂದರು. ದಣಿಯದ ಹಾಗೆ ಹೋಗಿಬನ್ನಿ ಎಂದು ಡಾಕ್ಟರೂ ಒಪ್ಪಿದರು.

ಸರಿ, ಎಲ್ಲಿಗೆ? ಕಾರವಾರಕ್ಕೋ, ಅದರ ಪಕ್ಕದ ಅಂಕೋಲಾಕ್ಕೋ? ಬೇರೆಯವರಾದರೆ ಮರಳು ನೋಡುತ್ತಾರೆ, ವಸತಿ ನೋಡುತ್ತಾರೆ. ಹೋಗುವುದು ಕಾಕಾನದೇ ಜೀಪಿನಲ್ಲಿ, ಆದರೂ ಅವರು ನೋಡಿದ್ದು ಘಟ್ಟ! ಕಾರವಾರಕ್ಕಾದರೆ ಜೋಯಿಡಾ ದಾಟಿ ಅಣಶಿ ಘಟ್ಟ ಇಳಿಯಬೇಕು, ಅಂಕೋಲಾಕ್ಕಾದರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ. ಒಂದು ದಿನ ಅಣಶಿ ಬೇಡ, ತಿರುವು ಬಹಳ. ಮರುದಿನ ಅರಬೈಲ್ ಬೇಡ, ಲಾರಿ ಬಹಳ. ಅದರ ಮರುದಿನ ಎರಡೂ ಬೇಡ, ಮೋಡ ಬಹಳ! ಕಾಕುವಿನ ಬ್ಯಾಗು ಅಟ್ಟದಿಂದ ಇಳಿದು, ಮತ್ತೆ ಏರಿ, ಮತ್ತೆ ಇಳಿದು, ಒಳಗಿದ್ದ ಸೀರೆಗಳಿಗೇ ತಲೆಸುತ್ತು ಬಂದಿರಬೇಕು.

ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು. ಕಾಕು ಕೇಳಿದ್ದಾದರೂ ಏನು, ಬಂಗಾರವೇ? ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತಿದ್ದ ಕಾಕಾನ ಮೇಲೆ ರೇಗಿಯೇಬಿಟ್ಟೆ.

"ಕಾಕಾ, ನಾವು ಸಮುದ್ರ ನೋಡಾಕ ಹೊಂಟೇವೋ, ಘಟ್ಟ ನೋಡಾಕೋ?"

"ಘಟ್ಟ ಇಳದ್ರ ಮುಗೀತೇನು? ವಾಪಸ್ ಹತ್ತಬೇಕಲ್ಲ!"

"ಜೀಪ್ ನಿಮ್ಮದ, ಬ್ರೇಕ್ ನೀವ ಹಾಕಿದ್ದು. ಇನ್ಯಾಕ ಅಂಜತೀರಿ?"

ಕಾಕಾ ಒಮ್ಮೆ ಮನೆಯೊಳಗೆ ಇಣುಕಿ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಘಟ್ಟದ ಅಂಜಿಕಿ ಅಲ್ಲೋ ತಮ್ಮಾ. ಆಕಿಗೆ ಇರೂದ ಒಂದ ಆಸಿ. ಅದನ್ನೂ ತೀರಿಸಿ ದವಾಖಾನಿಗೆ ಕಳಿಸಿದ್ರ, ಇನ್ನೇನು ಉಳೀತು ಅಂತ ಹಂಗ ಹೋಗಿಬಿಟ್ರ? ಒಂದರ ಆಸಿ ಬಾಕಿ ಇದ್ರ ಅದರ ಸಲುವಾಗಿಯರ ಹೊಳ್ಳಿ ಬರ್ತಾಳ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತೆ.

ಚಹಾ ತಂದು ಬಾಗಿಲಲ್ಲೇ ನಿಂತಿದ್ದ ಕಾಕು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಯ್ಯ, ಇಷ್ಟಕ್ಕ ನನ್ನ ಬ್ಯಾಗ ಹಿಂಗ ಕುಣಿಸಿದ್ರೇನು? ಊರು ಎರಡ ಅದಾವಲ್ರೀ! ಈಗ ಕಾರವಾರ ನೋಡೂಣು. ಅಂಕೋಲಾ ಬಾಕಿ ಇಡೂಣು. ನಾ ಹುಬ್ಬಳ್ಳಿಯಿಂದ ಬಂದ ಮ್ಯಾಲೆ ತೋರಸ್ರಿ."

ಕಾಕಾ ಹೆಂಡತಿಯ ಮುಖವನ್ನೇ ನೋಡಿದರು, ಮೂಗು ಒರೆಸಿಕೊಂಡರು. ಮರುದಿನ ಬೆಳಿಗ್ಗೆಯೇ ಹೊರಟೆವು. ಅಣಶಿಯ ಪ್ರತಿ ತಿರುವಿಗೂ ಕಾಕಾ "ಶಿವಾ" ಅಂದದ್ದನ್ನು ಬಿಟ್ಟರೆ ಪ್ರಯಾಣ ಸುಖವಾಗಿಯೇ ಇತ್ತು.

ಕಾರವಾರದ ದಂಡೆಯಲ್ಲಿ ಕಾಕು ಸೀರೆ ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟರು. "ಅಯ್ಯಯ್ಯ, ಇದು ನನ್ನ ಕಾಲ ಜಗ್ಗತೈತ್ರಿ!" ಎಂದು ಚೀರಿ ನಕ್ಕರು. ಆಮೇಲೆ ನಿಧಾನಕ್ಕೆ ಎಡಗಡೆ ತಿರುಗಿ ದೂರಕ್ಕೆ ಕಣ್ಣು ಹಾಯಿಸಿದರು. ಅಂಕೋಲಾ ಇರುವುದು ಆ ದಿಕ್ಕಿಗೆ. ನಡುವೆ ಗುಡ್ಡಗಳಿವೆ, ಅಲ್ಲಿಂದ ಆ ಊರು ಕಾಣುವುದೇ ಇಲ್ಲ. ಆದರೂ ಕಾಕಾ ನೀರಿನಲ್ಲೇ ದಡಬಡ ಓಡಿಬಂದು ತಮ್ಮ ಅಂಗೈಯನ್ನು ಕಾಕುವಿನ ಕಣ್ಣಿಗೆ ಅಡ್ಡ ಹಿಡಿದರು.

"ಅತ್ತಾಗ ನೋಡಬ್ಯಾಡ! ಅದು ಮುಂದಿನ ಸಲದ್ದು."