ಹುವಾ ಹಿನ್‌ಗೆ ನಾಲ್ಕು ದಿನ, ಒಬ್ಬಳೇ

ನಾನು ಏನಾದರೊಂದು ಮಾಡಿಯೇ ತೀರುತ್ತೇನೆ ಅಂತ ಹಟ ಹಿಡಿದರೆ ಸಾಕು, ಆ ದಿನದಿಂದಲೇ ಒಂದಲ್ಲ ಒಂದು ಫಜೀತಿ ಶುರುವಾಗುತ್ತೆ. ಇದು ಇವತ್ತು ನಿನ್ನೆಯದಲ್ಲ. ಮೈಸೂರಿನಲ್ಲಿ ಸೈಕಲ್ ಕಲಿತಾಗಲೂ ಹೀಗೇ ಆಯಿತು, ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿಗೆ ಬಂದು ಕಾರು ಕಲಿತಾಗಲೂ ಹೀಗೇ. ಆದರೆ ಥಾಯ್ಲೆಂಡಿಗೆ ಹೊರಟಾಗ ಆದಷ್ಟು ಯಾವತ್ತೂ ಆಗಿರಲಿಲ್ಲ.

ನಾನು ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಇರುವ ತಪ್ಪಿಗೆ ಊರಿನ ಕನ್ನಡಿಗರಿಗೆಲ್ಲ ನಾನೇ ಪುಕ್ಕಟೆ ಫೋಟೋಗ್ರಾಫರ್. ನಾಮಕರಣ, ಗೃಹಪ್ರವೇಶ, ರಾಜ್ಯೋತ್ಸವ, ಎಲ್ಲೇ ಆಗಲಿ, ನಾನು ಕ್ಯಾಮೆರಾ ಎತ್ತಿದ ಕೂಡಲೇ ಜನ ಉಸಿರು ಬಿಗಿಹಿಡಿದು ಸಾಲಾಗಿ ನಿಂತುಬಿಡುತ್ತಾರೆ. ಅಂಥ ಆರು ಫೋಟೋಗಳನ್ನು ಇಲ್ಲಿನ ಕ್ಯಾಮೆರಾ ಕ್ಲಬ್ಬಿನಲ್ಲಿ ತೋರಿಸಿದೆ. ತೀರ್ಪುಗಾರ್ತಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಲ್ಲರೂ ನಿನ್ನನ್ನೇ ನೋಡ್ತಿದ್ದಾರಲ್ಲ, ನಿಮ್ಮವರು ಯಾರೂ ಏನೂ ಕೆಲಸ ಮಾಡೋದೇ ಇಲ್ವಾ?" ಅಂದಳು.

ಮೈಯೆಲ್ಲ ಉರಿದುಹೋಯಿತು. ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೆ ದುಡಿಯುವ ಜನರ ಆರು ಚಿತ್ರ ಇಟ್ಟೇ ಇಡುತ್ತೇನೆ, ಅದರಲ್ಲಿ ಒಂದೇ ಒಂದು ಮುಖವೂ ನನ್ನ ಕಡೆ ತಿರುಗಿರಬಾರದು ಅಂತ ಅಲ್ಲೇ ತೀರ್ಮಾನಿಸಿದೆ. ಲೈಬ್ರರಿಯ ಪತ್ರಿಕೆಯೊಂದರಲ್ಲಿ ಹುವಾ ಹಿನ್ ಅನ್ನೋ ಥಾಯ್ ಕಡಲೂರಿನ ಚಿತ್ರ ನೋಡಿದ್ದೆ. ಬೆಳಗಿನ ಎಳೆಬಿಸಿಲು, ಬಣ್ಣಬಣ್ಣದ ದೋಣಿಗಳು, ಕೂತು ಬಲೆ ಬಿಡಿಸುವ ಹೆಂಗಸರು. ಹೋದರೆ ಅಲ್ಲಿಗೇ. ನಾಲ್ಕು ದಿನ. ಒಬ್ಬಳೇ.

೧. ಸಮುದ್ರ ಎಲ್ಲಿಲ್ಲ?

ಮೊದಲು ಯಜಮಾನರಿಗೆ ಹೇಳಿದೆ. ಅವರು ಹಾಲಿನ ಪುಡಿ ಕಾರ್ಖಾನೆಯಲ್ಲಿ ಎಂಜಿನಿಯರು, ಏನು ಹೇಳಿದರೂ ನಕ್ಷೆ ಬಿಡಿಸಿಯೇ ಮಾತಾಡುವವರು. ನ್ಯೂಜಿಲೆಂಡಿನ ನಕ್ಷೆ ತಂದು ಮೇಜಿನ ಮೇಲೆ ಹಾಸಿದರು.

"ಈ ಕಡೆ ಏನಿದೆ? ಸಮುದ್ರ. ಆ ಕಡೆ? ಸಮುದ್ರ. ಸುತ್ತ ನೀರು ಬಿಟ್ರೆ ಬೇರೇನೂ ಇಲ್ಲದ ದೇಶದಲ್ಲಿದ್ದು ಸಮುದ್ರ ನೋಡೋಕೆ ವಿಮಾನ ಹತ್ತೋಳು ನೀನೊಬ್ಬಳೇ ಕಣೇ."

"ಸಮುದ್ರ ನೋಡೋಕಲ್ಲ ರೀ, ಜನರನ್ನ ನೋಡೋಕೆ."

"ಜನಾನೂ ಇಲ್ಲೇ ಇದ್ದಾರಲ್ಲ?"

"ಎಲ್ಲಿ, ತೋರ್ಸಿ" ಅಂತ ಕಿಟಕಿಯ ಪರದೆ ಸರಿಸಿದೆ. ಭಾನುವಾರ ಮಧ್ಯಾಹ್ನ. ನಮ್ಮ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಇದ್ದದ್ದು ಒಂದು ಬೆಕ್ಕು ಮಾತ್ರ. ಅವರು ಐದು ನಿಮಿಷ ಕಾದರು. ಬೆಕ್ಕೂ ಎದ್ದು ಹೋಯಿತು.

"ಸರಿ, ಟಿಕೆಟ್ ಬುಕ್ ಮಾಡು" ಅಂದರು.

೨. ಒಂದು ಟಿಕೆಟ್ಟು, ಹನ್ನೊಂದು ಜನ

ಸುದ್ದಿ ಕನ್ನಡ ಸಂಘದ ಯುಗಾದಿ ಊಟದಲ್ಲಿ ಬಯಲಾಯಿತು. ಕೋಸಂಬರಿ ಬಡಿಸುವಾಗ ನಾನೊಬ್ಬಳೇ ಹೋಗುವವಳಿದ್ದೆ. ಸಾರು ಬರುವಷ್ಟರಲ್ಲಿ ನಾಲ್ಕು ಜನ ಆದರು. ಹೋಳಿಗೆಯ ಹೊತ್ತಿಗೆ ಹನ್ನೊಂದು ಜನ ಆಗಿ, ಒಬ್ಬ ಆಂಟಿ ಮಿನಿ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು ಅಂತಲೂ ಹೇಳಿಬಿಟ್ಟರು. "ಪಾಪ, ಹೆಣ್ಣುಮಗಳು ಒಬ್ಬಳೇ ಹೋಗೋದು ಹೇಗೆ?" ಅನ್ನೋದು ಎಲ್ಲರ ಕನಿಕರ.

ಜಗಳ ಆಡಿ ಪ್ರಯೋಜನವಿಲ್ಲ ಅಂತ ನಗುನಗುತ್ತಲೇ ಕಾರ್ಯಕ್ರಮ ವಿವರಿಸಿದೆ. "ಖಂಡಿತ ಬನ್ನಿ ಆಂಟಿ. ದಿನಾ ಐದು ಗಂಟೆಗೆ ಏಳೋದು. ಹತ್ತರವರೆಗೂ ಮೀನು ಇಳಿಸೋ ಕಟ್ಟೆ ಮೇಲೆ ನಿಂತಿರೋದು. ಸುತ್ತ ಒಣಮೀನು ಹರಡಿರ್ತಾರೆ, ಕಾಲಿಡುವಾಗ ಸ್ವಲ್ಪ ನೋಡ್ಕೊಂಡು ಇಡಬೇಕು."

ಮೊದಲು ಆಂಟಿಗೆ ಮಂಡಿನೋವು ನೆನಪಾಯಿತು, ಆಮೇಲೆ ಇನ್ನೊಬ್ಬರಿಗೆ ಮಕ್ಕಳ ಪರೀಕ್ಷೆ. ಕೈ ತೊಳೆಯುವ ಹೊತ್ತಿಗೆ ಎಲ್ಲರೂ ಕಳಚಿಕೊಂಡಿದ್ದರು. ಆಸೆ ಬಿಡದೆ ಉಳಿದವರು ಮೇಲುಕೋಟೆ ಕಡೆಯ ಅಂಕಲ್ ಒಬ್ಬರೇ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ಅಲ್ಲಮ್ಮಾ, ಮೀನು ಬರೋದಕ್ಕೆ ಮುಂಚೇನೇ ಫೋಟೋ ತೆಗೆದು ಮುಗಿಸಿಬಿಟ್ರೆ ಆಗಲ್ವಾ?"

೩. ಅಭ್ಯಾಸ

ಹೊರಡುವ ಮುಂಚೆ ಕೈ ಪಳಗಲಿ ಅಂತ ಮನೆಯಲ್ಲೇ ಶುರುಮಾಡಿದೆ. ಯಜಮಾನರು ಈರುಳ್ಳಿ ಹೆಚ್ಚುತ್ತಿದ್ದರು. "ನನ್ನ ಕಡೆ ನೋಡಬೇಡಿ, ನಿಮ್ಮ ಪಾಡಿಗೆ ಹೆಚ್ಚುತ್ತಿರಿ" ಅಂದೆ. "ಒಂದು ನಿಮಿಷ" ಅಂತ ಒಳಗೆ ಹೋದವರು ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಮತ್ತೆ ಈರುಳ್ಳಿಗೆ ನಿಂತರು.

ಸಾಕಪ್ಪಾ ಅಂತ ಊರಾಚೆಯ ಹಾಲಿನ ಫಾರ್ಮಿಗೆ ಹೋದೆ. ಅಲ್ಲಿನ ರೈತ ನಿಜಕ್ಕೂ ದೇವರಂಥವನು. "ನನ್ನ ಕೆಲಸ ನಾನು ಮಾಡ್ತೀನಿ, ನಿನ್ನ ಕೆಲಸ ನೀನು ಮಾಡು" ಅಂದವನು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಬೇಲಿ ದುರಸ್ತಿಗೆ ಕೂತ. ನಾನು ಮೊಣಕಾಲೂರಿ ಕ್ಯಾಮೆರಾ ಎತ್ತಿದೆ. ಹಿಂದೆ ಮೇಯುತ್ತಿದ್ದ ಹಸುಗಳೆಲ್ಲ ತಲೆ ಎತ್ತಿದವು. ಒಂದೊಂದಾಗಿ ಬಂದು ಅವನ ಬೆನ್ನ ಹಿಂದೆ ಸಾಲಾಗಿ ನಿಂತು ನನ್ನನ್ನೇ ನೆಟ್ಟ ನೋಟದಿಂದ ನೋಡತೊಡಗಿದವು. ನಾನು ಎಡಕ್ಕೆ ಹೋದರೆ ಅವೂ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಅಳು ಬರುವುದೊಂದು ಬಾಕಿ.

ಸಂಜೆ ಯಜಮಾನರು ಆ ಫೋಟೋವನ್ನು ಬಹಳ ಹೊತ್ತು ನೋಡಿ ಹೇಳಿದರು: "ನಮ್ಮ ಸಂಘದೋರಿಗಿಂತ ಇವೇ ವಾಸಿ ಕಣೇ. ಒಂದೂ ಕಣ್ಣು ಮುಚ್ಚಿಲ್ಲ."

೪. ಅಡುಗೆ ಸಾಮಾನು

ಟಿಕೆಟ್ ಕೈಗೆ ಬಂದಮೇಲೆ ಯಜಮಾನರ ಚಿಂತೆ ಊಟದ ಕಡೆ ತಿರುಗಿತು. ಬೇಡ ಬೇಡ ಅಂದರೂ ಕೇಳದೆ ನನ್ನ ಪೆಟ್ಟಿಗೆಗೆ ಚಟ್ನಿಪುಡಿ, ಅವಲಕ್ಕಿ, ಪುಟ್ಟ ಕುಕ್ಕರು ತುಂಬಿದರು. ಕೊನೆಗೆ ಎರಡು ಕಿಲೋ ಅಕ್ಕಿ ಚೀಲವನ್ನೂ ತಂದು ಮೇಲೆ ಅದುಮಿದರು. "ಗೊತ್ತಿಲ್ಲದ ಊರು. ಅಲ್ಲಿ ಎಂಥ ಅಕ್ಕಿ ಸಿಗುತ್ತೋ ಏನೋ."

ಹನ್ನೆರಡು ವರ್ಷದ ಮಗಳು ಪಕ್ಕದಲ್ಲೇ ಕೂತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುವುದು. ಚೀಲದ ಹಿಂಬದಿಯ ಸಣ್ಣ ಅಕ್ಷರ ಓದಿ, ಅಪ್ಪನಿಗೆ ತೋರಿಸಿ ತಣ್ಣಗೆ ಹೇಳಿದಳು: "ಮೇಡ್ ಇನ್ ಥಾಯ್ಲೆಂಡ್, ಡ್ಯಾಡ್. ದಿಸ್ ರೈಸ್ ಈಸ್ ಗೋಯಿಂಗ್ ಹೋಮ್."

೫. ಪ್ರಸ್ಥಾನ

ಹೊರಡುವ ಹಿಂದಿನ ದಿನ, ಗುರುವಾರ, ಮೈಸೂರಿನಿಂದ ಅಮ್ಮನ ಫೋನು.

"ನಾಳೆ ಎಷ್ಟು ಹೊತ್ತಿಗೇ ಮನೆ ಬಿಡೋದು?"

"ಹತ್ತೂವರೆಗೆ ಅಮ್ಮ. ಮೂರು ಗಂಟೆಗೆ ಆಕ್ಲೆಂಡಿನಿಂದ ವಿಮಾನ."

"ಅಯ್ಯೋ, ಶುಕ್ರವಾರ ಹತ್ತೂವರೆ ಅಂದ್ರೆ ಸರಿಯಾಗಿ ರಾಹುಕಾಲ!"

ಯಜಮಾನರು ಪಕ್ಕದಿಂದ, "ಆಗ ನಿಮಗಿನ್ನೂ ಬೆಳಗಿನ ಜಾವ ನಾಲ್ಕು ಗಂಟೆ ಅತ್ತೆ" ಅಂದರು.

"ರಾಹು ಗಡಿಯಾರ ನೋಡ್ಕೊಂಡು ಬರಲ್ಲಪ್ಪಾ. ಸೂರ್ಯ ಎಲ್ಲಿ ಹುಟ್ತಾನೋ ಅಲ್ಲಿನ ಲೆಕ್ಕ" ಅಂದು ಅಮ್ಮ ಪರಿಹಾರವನ್ನೂ ಹೇಳಿದಳು. ಪ್ರಸ್ಥಾನ ಇಡಬೇಕು. ಅಂದರೆ, ಜೊತೆಗೆ ಒಯ್ಯುವ ಒಂದು ಸಾಮಾನನ್ನು ಒಳ್ಳೆಯ ಹೊತ್ತಿನಲ್ಲಿ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದ ಹಾಗೆ. ಮಾರನೆಯ ದಿನ ಅದನ್ನು ಎತ್ತಿಕೊಂಡು ಹೋದರಾಯಿತು. "ನಿಂಗೆ ಬಹಳ ಬೇಕಾದ ವಸ್ತೂನೇ ಇಡು" ಅಂದಳು.

ನನಗೆ ಬಹಳ ಬೇಕಾದದ್ದು ಕ್ಯಾಮೆರಾ. ಚೀಲದ ಸಮೇತ ಪಕ್ಕದ ಮನೆಗೆ ಒಯ್ದೆ. ಆ ಮನೆಯವನು ಕೆಲಸದಿಂದ ನಿವೃತ್ತನಾದ ನ್ಯೂಜಿಲೆಂಡಿನ ಮುದುಕ, ಬಹಳ ಒಳ್ಳೆಯವನು. ಪ್ರಸ್ಥಾನವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗದೆ, "ನಾಳೆ ನಾನು ಥಾಯ್ಲೆಂಡಿಗೆ ಹೊರಡ್ತೀನಿ, ಇದು ನಿನ್ನ ಹತ್ತಿರ ಇರಲಿ, ದಯವಿಟ್ಟು ಇದರ ಮೇಲಿಂದ ಕಣ್ಣು ತೆಗೀಬೇಡ" ಅಂದೆ. "ನೋ ವರೀಸ್" ಅಂದ.

ಶುಕ್ರವಾರ ಹತ್ತೂವರೆಗೆ ಬಾಗಿಲು ತಟ್ಟಿದರೆ ಅವನ ಹೆಂಡತಿ ಬಂದಳು. "ಅವನು ಬೆಳಿಗ್ಗೆಯೇ ರಾಗ್ಲನ್‌ಗೆ, ನಮ್ಮ ಕಡಲತೀರದ ಬ್ಯಾಚ್‌ಗೆ, ರಜೆ ಕಳೆಯೋ ಪುಟ್ಟ ಮನೆಗೆ, ಹೋದನಲ್ಲ. ಚೀಲಾನೂ ತಗೊಂಡೇ ಹೋದ. ಅದರ ಮೇಲಿಂದ ಕಣ್ಣು ತೆಗೀಬೇಡ ಅಂದಿದ್ಯಂತೆ! ಯೋಚನೆ ಮಾಡಬೇಡ, ನೀನು ಥಾಯ್ಲೆಂಡಿನಿಂದ ವಾಪಸ್ ಬರೋವರೆಗೂ ಜೋಪಾನವಾಗಿರುತ್ತೆ."

ತಪ್ಪು ನನ್ನದೇ. ಊರಿಗೆ ಹೋಗುವವರು ಬೆಲೆಬಾಳುವ ವಸ್ತುವನ್ನು ಪಕ್ಕದವರಿಗೆ ಕೊಟ್ಟರೆ ಯಾರಾದರೂ ಅಂದುಕೊಳ್ಳುವುದು ಹಾಗೇ. ಯಜಮಾನರು ಮೆಲ್ಲಗೆ, "ಮಗಳ ಪುಟ್ಟ ಕ್ಯಾಮೆರಾ ತಗೊಂಡು ಹೋಗ್ತೀಯಾ?" ಅಂದರು. ನಾನು ಅವರನ್ನು ನೋಡಿದ ರೀತಿಗೆ ಅವರು ಕಾರನ್ನು ರಾಗ್ಲನ್ ಕಡೆಗೇ ತಿರುಗಿಸಿದರು.

ಮುಕ್ಕಾಲು ಗಂಟೆಯ ದಾರಿ. ಬ್ಯಾಚ್ ಮುಂದೆ ಯಾರೂ ಇರಲಿಲ್ಲ. ದಡಕ್ಕೆ ಓಡಿದೆ. ಮುದುಕ ಮಂಡಿಯುದ್ದ ನೀರಿನಲ್ಲಿ ಗಾಳ ಹಿಡಿದು ನಿಂತಿದ್ದ. ಕೊಟ್ಟ ಮಾತಿನಂತೆ ನನ್ನ ಕ್ಯಾಮೆರಾ ಚೀಲವನ್ನು ಕೊರಳಿಗೆ ಹಾಕಿಕೊಂಡು, ನೀರು ತಾಗದ ಹಾಗೆ ಎದೆಯ ಮೇಲಕ್ಕೆ ಎತ್ತಿ ಬಿಗಿದುಕೊಂಡಿದ್ದ. ನನ್ನನ್ನು ನೋಡಿ ಅವನ ಮುಖ ಅರಳಿತು. "ಥಾಯ್ಲೆಂಡ್ ಆಗಲೇ ಮುಗೀತಾ? ಬೇಗ ಬಂದೆ!"

ಉತ್ತರ ಕೊಡುವಷ್ಟರಲ್ಲಿ ಗಾಳದ ಕೋಲು ಬಿಲ್ಲಿನಂತೆ ಬಗ್ಗಿತು. ದೊಡ್ಡ ಮೀನು. ಅವನ ಎರಡೂ ಕೈ ಅದರಲ್ಲೇ. ಚೀಲ ಬಿಚ್ಚಿ ಕೊಡುವ ಹಾಗಿಲ್ಲ. ಶೂ ಸಮೇತ ನೀರಿಗಿಳಿದು, ಅವನ ಎದೆಯ ಮೇಲಿದ್ದ ಚೀಲದ ಜಿಪ್ ಎಳೆದು ಕ್ಯಾಮೆರಾ ಹೊರತೆಗೆದೆ. ಹಿಂದೆ ಯಜಮಾನರು ಹಾರ್ನ್ ಒತ್ತುತ್ತಲೇ ಇದ್ದರು. ನಾನು ಮೂರು ಹೆಜ್ಜೆ ಹಿಂದೆ ಸರಿದೆ. ಮುದುಕ ಹಲ್ಲು ಕಚ್ಚಿ, ಮೈ ಹಿಂದಕ್ಕೆ ಬಾಗಿಸಿ, ಲೋಕವನ್ನೇ ಮರೆತು ಎಳೆಯುತ್ತಿದ್ದ. ನಾನು ಇದ್ದೇನೆ ಅನ್ನೋ ಪರಿವೆಯೇ ಅವನಿಗಿರಲಿಲ್ಲ. ಕ್ಲಿಕ್ ಮಾಡಿದೆ.

ಒದ್ದೆ ಶೂನಲ್ಲೇ ಓಡಿ ವಿಮಾನ ಹಿಡಿದೆ. ಹುವಾ ಹಿನ್‌ನಲ್ಲಿ ಮೊದಲ ಮೂರು ದಿನ ಮೀನುಗಾರರೆಲ್ಲ ತಲೆ ಎತ್ತಿ ನನ್ನನ್ನು ನೋಡಿ ನಕ್ಕರು. ನಾನು ಜಪ್ಪಯ್ಯ ಅನ್ನಲಿಲ್ಲ. ಮೀನುಕಟ್ಟೆಯಲ್ಲಿ ನಿಂತೇ ಇದ್ದೆ. ನಾಲ್ಕನೆಯ ದಿನ ಅವರಿಗೆ ನನ್ನನ್ನು ನೋಡಿ ನೋಡಿ ಬೇಸರವಾಯಿತು. ಐದು ಚಿತ್ರ ಸಿಕ್ಕವು.

ಪ್ರದರ್ಶನದ ದಿನ ಅದೇ ತೀರ್ಪುಗಾರ್ತಿ ಐದನ್ನೂ ಮೆಚ್ಚಿ, ಆರನೆಯದರ ಮುಂದೆ, ಪಕ್ಕದ ಮನೆಯ ಮುದುಕನ ಮುಂದೆ, ನಿಂತೇಬಿಟ್ಟಳು. "ಅದ್ಭುತ! ಇಲ್ಲೊಂದು ಕ್ಯಾಮೆರಾ ಇದೆ ಅಂತ ಈ ಮನುಷ್ಯನಿಗೆ ಗೊತ್ತೇ ಇಲ್ಲ ನೋಡಿ" ಅಂತ ಸುತ್ತಲಿನವರಿಗೆಲ್ಲ ತೋರಿಸಿದಳು. ನನಗೆ ಕಣ್ಣು ತುಂಬಿ ಬಂತು.

ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ ಅಂದರು: "ಗೊತ್ತಿಲ್ದೇ ಏನೇ? ಎದೆ ಮೇಲೆ ಅದರ ಚೀಲಾನೇ ನೇತುಹಾಕ್ಕೊಂಡು ನಿಂತಿದ್ದಾನೆ!"