ಮೂರು ಕಾಲದ ಕೆರೆ, ಒಬ್ಬನೇ ಮನುಷ್ಯ

ನಮ್ಮ ಅಣ್ಣ ಈರಣ್ಣ ನನಗೆ ವಹಿಸಿದ ಕೆಲಸ ಇಷ್ಟೇ: ಫೋಟೋದಲ್ಲಿ ಯಾರೂ ಬರದಂತೆ ನೋಡಿಕೊಳ್ಳುವುದು. ನಾನು ಮೂರನೆಯ ಇಯತ್ತೆಯವರೆಗೆ ಕಲಿತವನು. ದನಕರು, ಜನರನ್ನು ತಡೆದು ನಿಲ್ಲಿಸಲು ಅಷ್ಟು ವಿದ್ಯೆ ಧಾರಾಳವಾಯಿತೆಂದು ನಂಬಿದ್ದೆ.

ದೊಡ್ಡ ಲಡಾಯಿ ಶುರುವಾಗುವ ಮುಂಚಿನ ಮಾತು. ಅಣ್ಣ ಹುಬ್ಬಳ್ಳಿಯ ಒಂದು ಫೋಟೋ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ನಾಲ್ಕು ವರ್ಷವಾದರೂ ಅವನ ಹೆಂಡತಿ, ಅಂದರೆ ನನ್ನ ವೈನಿ, ನಮ್ಮೂರು ಪಾಳಾದಲ್ಲಿ ನಮ್ಮ ಜೊತೆ, ಅಣ್ಣ ಅಲ್ಲಿ ಅಂಗಡಿಯ ಅಟ್ಟದ ಮೇಲೆ. ಹೀಗಿರುವಾಗ ಮುಂಡಗೋಡದ ಅಡವಿ ಖಾತೆಯ ಜಂಗಲ್ ಸಾಹೇಬರು ಅವನಿಗೆ ಒಂದು ಮಾತು ಕೊಟ್ಟರು. ಒಂದೇ ಜಾಗವನ್ನು ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ತೆಗೆದು ತೋರಿಸಬೇಕು. ಬರೀ ನೀರು, ಗಿಡ, ಆಕಾಶ. ಮನುಷ್ಯನ ಸುಳಿವೂ ಇರಬಾರದು. ಅವು ಸಾಹೇಬರ ಮನಸ್ಸಿಗೆ ಬಂದರೆ ಅಡವಿಯ ಫೋಟೋ ತೆಗೆಯುವ ನೌಕರಿ ಅಣ್ಣನಿಗೆ, ಇರಲು ಮುಂಡಗೋಡದಲ್ಲಿ ಮನೆ. ಅದನ್ನು ಕೇಳಿದ ದಿನವೇ ವೈನಿ ಟ್ರಂಕಿನಲ್ಲಿ ಪಾತ್ರೆ ತುಂಬತೊಡಗಿದರು.

ಈಗ ನನ್ನ ತಪ್ಪೊಪ್ಪಿಗೆ. ಅಲ್ಲಿಯವರೆಗೆ ನನ್ನ ಒಂದೂ ಫೋಟೋ ಇರಲಿಲ್ಲ. ಅಣ್ಣ ಊರ ಗೌಡರ ಫೋಟೋ ತೆಗೆದ, ಗೌಡರ ಎತ್ತಿನದೂ ತೆಗೆದ. ನಾನು ಕೇಳಿದರೆ ಮಾತ್ರ, “ಗಾಜಿನ ಪ್ಲೇಟ ಎಣಿಸಿ ತಂದೀನೋ ಮಲ್ಲ್ಯಾ, ಮುಂದ ನೋಡೂಣು” ಎನ್ನುತ್ತಿದ್ದ. ಎತ್ತಿಗೆ ಸಿಕ್ಕ ಮಾನ ತಮ್ಮನಿಗಿಲ್ಲವೇ ಎಂಬ ಹುಳ ಅಂದೇ ತಲೆ ಹೊಕ್ಕಿತು.

ಮಳೆಗಾಲ ಬಂತು. ಅಣ್ಣ ನಮ್ಮೂರ ಕೆರೆಯ ಏರಿಯ ಮೇಲೆ ಮೂರು ಕಾಲಿನ ಕ್ಯಾಮೆರಾ ಹೂಡಿದ. ನಾನು ಎದುರು ದಂಡೆಯಲ್ಲಿ, ಮಾವಿನ ಮರದ ಹಿಂದೆ. ಮೋಡ ಸರಿದು ಬೇಕಾದ ಬೆಳಕು ಬೀಳುವವರೆಗೆ ಅವನು ಪ್ಲೇಟು ಮುಟ್ಟುವುದಿಲ್ಲ. ಮೂರು ದಿನ ಪ್ಲೇಟು ಹಾಕದೆ ಬರೀ ತಾಲೀಮು ನಡೆಯಿತು. ಆಗ ನಾನು ಒಂದು ಮಹತ್ವದ ಸಂಶೋಧನೆ ಮಾಡಿದೆ: ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದ ಮೇಲೆ ಆರು ಎಣಿಸುವವರೆಗೆ ಅಣ್ಣನ ಕಣ್ಣು ಕೈಯಲ್ಲಿನ ಗಡಿಯಾರದ ಮೇಲಿರುತ್ತದೆ. ನನ್ನ ಕಡೆ ನೋಡುವುದೇ ಇಲ್ಲ!

ನಾಲ್ಕನೆಯ ದಿನ ವೈನಿಯ ಟ್ರಂಕಿನಿಂದ ಅಣ್ಣನ ಮದುವೆಯ ಕೋಟನ್ನು ಎತ್ತಿ, ಕಂಬಳಿಯೊಳಗೆ ಮುಚ್ಚಿಕೊಂಡು ಹೋದೆ. ಮುಚ್ಚಳ ತೆಗೆದ ಕೂಡಲೇ ಮರದ ಹಿಂದಿನಿಂದ ಹೊರಬಂದು, ಎದೆ ಉಬ್ಬಿಸಿ ನಿಂತೆ. ನಾಲ್ಕು ಎಣಿಸುವಷ್ಟರಲ್ಲಿ ಮೂಗಿನ ಮೇಲೆ ಸೊಳ್ಳೆ ಕೂತಿತು. ಕೈ ಎತ್ತಲಿಲ್ಲ, ಮೂಗನ್ನಷ್ಟೇ ಆಡಿಸಿದೆ.

ಸಂಜೆ ವೈನಿ ಕೇಳಿದರು: “ಅಲ್ಲೋ ಮಲ್ಲಪ್ಪ, ಟ್ರಂಕಿನ್ಯಾಗಿನ ಕೋಟ ಹೆಂಗ ತೊಯ್ತು?”

“ಮಳಿಗಾಲ ಅಲ್ಲೇನ್ರಿ ವೈನಿ.”

ಚಳಿಗಾಲದಲ್ಲಿ ಕೆರೆಯ ಮೇಲಿನ ಮಂಜು ಅರ್ಧ ಏಳಬೇಕು, ಅರ್ಧ ಉಳಿಯಬೇಕು ಎಂದು ಅಣ್ಣನ ಹಟ. ಬೆಳಗಿನ ಚಳಿಗೆ ನನ್ನ ಹಲ್ಲು ತಾವಾಗಿಯೇ ತಾಳ ಹಾಕುತ್ತಿದ್ದವು. ಆದರೂ ಕೋಟಿಗೆ ಈ ಸಲ ಜರಿ ರುಮಾಲು ಕೂಡಿಸಿಕೊಂಡು ನಿಂತೆ. ಬೇಸಿಗೆಯಲ್ಲಿ ಕೆರೆ ತಳ ಕಂಡಿತು, ಕೆಸರು ಬಿರಿಯಿತು. ಸಂಜೆಯ ಓರೆ ಬಿಸಿಲಿಗೆ ನಾನು ಕೈಯಲ್ಲಿ ಬೆತ್ತ ಹಿಡಿದು ಒಂದು ಕಾಲು ಮುಂದಿಟ್ಟು ನಿಂತೆ. ಎರಡು ಎಣಿಸುವಾಗ ಯಾರದೋ ಎಮ್ಮೆ ಬಂದು ನನ್ನ ಮಗ್ಗುಲಲ್ಲಿ ನಿಂತಿತು. ಅದನ್ನು ಓಡಿಸುವುದೇ ನನ್ನ ಕೆಲಸ. ಓಡಿಸಿದರೆ ನನ್ನ ಫೋಟೋ ಕೆಡುತ್ತದೆ. ಎಮ್ಮೆಯನ್ನು ಬಿಟ್ಟೆ. ಕಣ್ಣ ಮೇಲಿನ ನೊಣಗಳನ್ನು ಓಡಿಸಲು ತಲೆಯನ್ನು ತುಸು ಕೊಡವಿದೆ, ಅಷ್ಟೇ. ಆರು ಮುಗಿದೊಡನೆ ಮರದ ಹಿಂದೆ ಹಾರಿ, “ಅಣ್ಣಾ, ಎಮ್ಮಿ ಈಗಷ್ಟ ಬಂತು ನೋಡ” ಎಂದು ಕೂಗಿದೆ.

ಅಂಗಡಿಯ ಮಾಲಕರು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಊರಿಗೆ ಹೋದಾಗ ಮಾತ್ರ ಪ್ಲೇಟು ತೊಳೆಯುವ ಕತ್ತಲೆ ಕೋಣೆ ಅಣ್ಣನ ಕೈಗೆ ಸಿಗುತ್ತಿತ್ತು. ಹಾಗಾಗಿ ಮೂರೂ ಕಾಲದ ಪಾಪ ಒಂದೇ ದಿನ ಹೊರಬಿತ್ತು.

ಅಣ್ಣ ಮನೆಗೆ ಬಂದು ಮೂರು ಫೋಟೋಗಳನ್ನು ಹೊರಸಿನ ಮೇಲೆ ಹರವಿದ. ಮಳೆಯ ತುಂಬುಗೆರೆ, ಮಂಜಿನ ಕೆರೆ, ಬಿರಿದ ಕೆರೆ. ಮೂರರ ನಡುವೆಯೂ ಒಬ್ಬ ಮನುಷ್ಯ. ಕೋಟಿನ ಗುಂಡಿ ಎಣಿಸಬಹುದಿತ್ತು. ಮುಖವಿರಬೇಕಾದ ಕಡೆ ಮಾತ್ರ ಒರೆಸಿದಂಥ ಬಿಳಿ ಕಲೆ. ಎಮ್ಮೆಯ ಮುಖ ಚೆನ್ನಾಗಿ ಮೂಡಿತ್ತು. ಅದು ಅಲುಗಾಡಿರಲಿಲ್ಲ.

ವೈನಿ ಬಗ್ಗಿ ನೋಡಿದರು. “ಇದು ನಿಮ್ಮ ಮದುವಿ ಕೋಟ ಅಲ್ಲೇನ್ರಿ?”

“ಯಾರೋ ಹಾದಿ ಹೋಗೋರು ಇರಬೇಕು” ಎಂದೆ ನಾನು.

“ಮೂರೂ ಕಾಲಕ್ಕ ಒಂದ ಕೋಟ ಹಾಕ್ಕೊಂಡು, ಒಂದ ಗಿಡದ ಬುಡಕ ಹಾದಿ ಹೋಗೋರ?” ಎಂದ ಅಣ್ಣ.

ನಾನು ನೆಲ ನೋಡುತ್ತ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಅಂದು ಉಣ್ಣಲಾದರೂ ಆಗುತ್ತಿತ್ತು.

ಮರುದಿನ ಇಬ್ಬರೂ ಮುಂಡಗೋಡಕ್ಕೆ ಹೋದೆವು. ಸಾಹೇಬರು ಮೂರನ್ನೂ ಬೆಳಕಿಗೆ ಹಿಡಿದು, “ಬೆಳಕು ಭಾಳ ಛಲೋ ಹಿಡದೀರಿ. ಆದರ ಈ ಬೆದರಗೊಂಬಿ ಯಾಕ ನಿಲ್ಲಿಸೀರಿ?” ಎಂದರು.

“ಅದು ನಾನರೀ ಸಾಹೇಬ್ರ” ಎಂದೆ. “ತಪ್ಪು ನಂದು. ಅಣ್ಣಂದಲ್ಲ.”

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. ಮತ್ತೊಮ್ಮೆ ಮೂರು ಕಾಲ ತೆಗೆದು ತನ್ನಿರಿ, ಮುಂದಿನ ವರ್ಷ ನೋಡೋಣ ಎಂದು ಅಣ್ಣನಿಗೆ ಹೇಳಿ ಕಳಿಸಿದರು. ಇಬ್ಬರೂ ಮನೆಗೆ ಬಂದೆವು. ವೈನಿ ನಮ್ಮ ಮುಖ ನೋಡಿ, ಟ್ರಂಕಿನಿಂದ ಒಂದೊಂದೇ ಪಾತ್ರೆ ತೆಗೆದು ಮತ್ತೆ ಗೋಡೆಯ ಮಾಡದಲ್ಲಿಟ್ಟರು.

ಹುಬ್ಬಳ್ಳಿಯ ಮೋಟಾರು ಹಿಡಿಯುವ ಮುಂಚೆ ಅಣ್ಣ ಅಂಗಳದಲ್ಲಿ ಕುರ್ಚಿ ಹಾಕಿದ. “ಕುಂದರು. ನಿನ್ನ ಆಶಾ ಒಮ್ಮೆ ತೀರಲಿ. ಈ ಸಲ ಅಳ್ಳಾಡಬ್ಯಾಡ.” ನನಗೆ ಅಳು ಬಂತು, ಅದನ್ನೂ ತಡೆದು ಆರು ಎಣಿಸುವವರೆಗೆ ರೆಪ್ಪೆ ಸಹ ಬಡಿಯಲಿಲ್ಲ.

ಮಾಲಕರು ಊರಿಂದ ಮರಳುವ ಮುಂಚೆ ಅಣ್ಣ ತೊಳೆದಿದ್ದ ಫೋಟೋ ಮುಂದಿನ ತಿಂಗಳು ಬಂತು. ಎರಡು ದೊಡ್ಡ ಕಿವಿ, ನಡುವೆ ಕಳ್ಳತನದಲ್ಲಿ ಸಿಕ್ಕಿಬಿದ್ದವನಂಥ ಕಣ್ಣು. ವೈನಿ ಅದನ್ನು ಬಹಳ ಹೊತ್ತು ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಅಂದರು:

“ಮಲ್ಲಪ್ಪ, ಆ ಕೆರೀನ ಛಲೋ ಇತ್ತೋ.”

ಹೌದೆಂದು ತಲೆಯಾಡಿಸಿದೆ. ಈ ಮುಖವನ್ನು ನೋಡಿಕೊಳ್ಳಲು ಇಡೀ ಒಂದು ವರ್ಷದ ಮಳೆ, ಮಂಜು, ಬಿಸಿಲು ಹಾಳು ಮಾಡಿದೆನಲ್ಲ!