ಯಳಂದೂರಿನ ಜಗುಲಿಯಲ್ಲಿ ಕ್ಯಾಂಟನೀಸ್ ಸೀರಿಯಲ್

ಸೀರಿಯಲ್ ನೋಡುವ ಹೆಂಗಸರನ್ನು ಕಂಡು ನಗುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ನೋಡುವುದು ಹಾಂಗ್‌ಕಾಂಗಿನ ಸೀರಿಯಲ್ ಆದ್ದರಿಂದ ನಮ್ಮ ಕಡೆ ನಗುವವರಿಗೆ ಬಿಡುವೇ ಸಿಗುವುದಿಲ್ಲ. ಒಂದು ಪ್ರಸಂಗ ಹಳತಾಗುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಾನು ಹನೂರಿನ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆ ಕೊಳ್ಳೇಗಾಲದಲ್ಲಿ, ಅತ್ತೆ ಮಾವ ಇರುವುದು ಯಳಂದೂರಿನಲ್ಲಿ. ಒಮ್ಮೆ ಮೆಟ್ಟಿಲಿಳಿಯುವಾಗ ಕಾಲು ಉಳುಕಿ, ರಜೆ ಹಾಕಿ ಅತ್ತೆ ಮನೆಗೆ ಹೋಗಿ ಮಲಗಿದ್ದೆ. ಊರವರ ಕಾಲಿಗೆಲ್ಲ ಬ್ಯಾಂಡೇಜು ಕಟ್ಟುವ ನನಗೆ ನನ್ನ ಕಾಲಿಗೆ ಕಟ್ಟಿಕೊಳ್ಳುವುದು ಬಗೆಹರಿಯಲಿಲ್ಲ. ಫೋನು ತೆಗೆದು ಅದರದೊಂದು ವಿಡಿಯೊ ಹಾಕಿದೆ. ಅದು ಮುಗಿಯುತ್ತಲೇ ಫೋನು ತಾನಾಗಿ ಇನ್ನೊಂದನ್ನು ಶುರು ಮಾಡಿತು. ಅದರಲ್ಲಿ ಯಾವನೋ ಡಾಕ್ಟರು ಯಾವಳೋ ಹುಡುಗಿಯ ಕಾಲಿಗೆ ಬ್ಯಾಂಡೇಜು ಕಟ್ಟುತ್ತಿದ್ದ. ಕಟ್ಟಿದ ರೀತಿ ಪೂರ್ತಿ ತಪ್ಪು. ಆದರೆ ಅವಳ ಮುಖದ ಕಡೆ ತಿರುಗದೆ, ಗಂಟನ್ನೇ ನೋಡುತ್ತಾ, ಬೇಕೆಂದೇ ನಿಧಾನ ಮಾಡಿದನಲ್ಲ, ಆ ಅಭಿನಯಕ್ಕೆ ನಾನು ಸೋತುಹೋದೆ. ಅವರಾಡುವ ಮಾತಿಗೆ ಕ್ಯಾಂಟನೀಸ್ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತವೆ, ಅವನ್ನು ಓದಿಕೊಂಡು ನೋಡುವುದು. ಆವತ್ತು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

ಊಟದ ವಿಚಾರ

ಜಗುಲಿಯ ಮೇಲೆ ದಿಂಬಿಗೊರಗಿ ನಾನು ನೋಡುತ್ತಿದ್ದರೆ, ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಫೋನಿನ ಸದ್ದು ಕೇಳಿ ಮೊರದ ಸಮೇತ ಹತ್ತಿರ ಬಂದರು. ಆ ಭಾಷೆಯ ರಾಗವೇ ಹಾಗೆ. ಮಾತು ಮೇಲಕ್ಕೆ ಹೋಗುತ್ತದೆ, ದಪ್ಪೆಂದು ಕೆಳಗೆ ಬೀಳುತ್ತದೆ, ಕೊನೆಯಲ್ಲಿ ಬಾಗಿಲು ಹಾಕಿದ ಹಾಗೆ ನಿಲ್ಲುತ್ತದೆ. ಅಪ್ಪ ಮಗ ಹೀಗೆ ಕಿತ್ತಾಡುವುದು ಯಾತಕ್ಕೆ, ಆಸ್ತಿ ಪಾಲಾಗಿಲ್ಲವಾ ಅಂತ ಅತ್ತೆ ಕೇಳಿದರು. ನಾನು ಕೆಳಗಿನ ಸಾಲು ಓದಿ, ಜಗಳ ಅಲ್ಲ ಅತ್ತೆ, ಊಟ ಆಯಿತಾ ಅಂತ ಅಪ್ಪ ಕೇಳಿದ, ಇನ್ನೂ ಇಲ್ಲ ಅಂತ ಮಗ ಹೇಳಿದ ಅಂದೆ.

ಅತ್ತೆ ನಂಬಲಿಲ್ಲ. ಊಟ ಕೇಳುವುದಕ್ಕೆ ಯಾರಾದರೂ ಇಷ್ಟು ಜೋರು ಮಾಡುತ್ತಾರಾ ಅಂತ ನನ್ನನ್ನೇ ಗದರಿದರು. ಅಷ್ಟರಲ್ಲಿ ಒಳಗಿನಿಂದ ಮಾವ, ಇವತ್ತು ಮನೆಯಲ್ಲಿ ಅನ್ನ ನೀರು ಏನಾದರೂ ಉಂಟೋ ಇಲ್ಲವೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ಅತ್ತೆ ಮೊರ ಎತ್ತಿಕೊಂಡು ಎದ್ದರು. "ಈವಯ್ಯನೂ ಆ ಕಡೆಯವ್ನೇ ಇರ್ಬೇಕು ಕಣವ್ವ" ಅಂದರು.

ಎರಡು ಕತೆ

ಅಲ್ಲಿಂದ ಅತ್ತೆಯೂ ಪಕ್ಕಾ ಪ್ರೇಕ್ಷಕರಾದರು. ಅವರಿಗೆ ಇಂಗ್ಲಿಷ್ ಬಾರದು, ನಾನು ಎಲ್ಲವನ್ನೂ ಬಿಡಿಸಿ ಹೇಳುತ್ತಲೂ ಇರಲಿಲ್ಲ. ನಮ್ಮ ಚರ್ಚೆಯೆಲ್ಲ ಅಭಿನಯದ ಮೇಲೆ. ಈ ಹುಡುಗನಿಗೆ ಹುಬ್ಬು ಏರಿಸುವುದೊಂದೇ ಬರುವುದು, ಸಂತೋಷಕ್ಕೂ ಅದೇ ಹುಬ್ಬು, ಸಾವಿಗೂ ಅದೇ ಹುಬ್ಬು ಅಂತ ನಾನು. ಅಳುವಾಗ ಈ ಹುಡುಗಿಯ ಒಂದೇ ಕಣ್ಣಲ್ಲಿ ನೀರು ಬರುತ್ತದೆ, ಇನ್ನೊಂದಕ್ಕೆ ಏನಾಗಿದೆಯೋ ಡಾಕ್ಟರಿಗೆ ತೋರಿಸಬೇಕು ಅಂತ ಅತ್ತೆ. ಅಪ್ಪನ ಪಾತ್ರದ ಮುದುಕ ಮಾತ್ರ ನಮ್ಮಿಬ್ಬರಿಗೂ ಇಷ್ಟ. ಅವನು ಸುಮ್ಮನೆ ಗಂಜಿ ಕುಡಿಯುತ್ತಿದ್ದರೂ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಾಗುತ್ತಿತ್ತು. ಅಂಥ ನಟ ಇದ್ದರೆ ಡೈಲಾಗು ಬರೆಯುವವನಿಗೆ ಕೆಲಸವೇ ಇಲ್ಲ.

ಕೊನೆಯ ಕಂತಿನಲ್ಲಿ ನಾಯಕ ನಾಯಕಿಗೆ ಮದುವೆಯಾಯಿತು. ನಾನು ಖುಷಿಯಾಗಿ ಪಕ್ಕಕ್ಕೆ ತಿರುಗಿದರೆ ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದೆ. ಪಾಪ, ಆ ಮೊದಲನೇ ಹೆಂಡತಿ ಎದುರಿಗೇ ನಿಂತು ಮದುವೆ ಮಾಡಿಸಿದಳಲ್ಲ, ಎಂಥ ಗಟ್ಟಿಗಿತ್ತಿ ಅಂದರು. ಯಾವ ಮೊದಲನೇ ಹೆಂಡತಿ? ವಿಚಾರಿಸಿದಾಗ ತಿಳಿಯಿತು, ನಾಯಕನ ತಾಯಿಯನ್ನು ಅತ್ತೆ ಶುರುವಿನಿಂದಲೂ ಅವನ ಹೆಂಡತಿ ಎಂದುಕೊಂಡಿದ್ದರು. ತಪ್ಪು ಅವರದಲ್ಲ. ಆ ಊರಿನ ನಟಿಯರಿಗೆ ವಯಸ್ಸೇ ಆಗುವುದಿಲ್ಲ, ತಾಯಿಯೂ ಮಗನೂ ಒಟ್ಟಿಗೆ ಎಸ್ಸೆಸ್ಸೆಲ್ಸಿ ಬರೆದವರ ಹಾಗೆ ಕಾಣುತ್ತಾರೆ.

ಅವಳು ತಾಯಿ ಅತ್ತೆ, ಮಗನ ಮದುವೆಗೆ ಖುಷಿಪಡುತ್ತಿದ್ದಾಳೆ ಅಂತ ಬಿಡಿಸಿ ಹೇಳಿದೆ. ಅತ್ತೆ ಮತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡರು.

"ನಿನ್ ಕತೇಲಿ ಅವ್ಳು ತಾಯಿ ಇರ್ಲಿ ಕಣವ್ವ. ನನ್ ಕತೆ ನಿಂದ್ಕಿಂತ ಚೆಂದಾಗಿತ್ತು, ಅದ್ನ ಕೆಡಿಸ್‌ಬ್ಯಾಡ."

ಬಸ್ಸಿನಲ್ಲಿ

ಕಾಲು ವಾಸಿಯಾಗಿ ಕೆಲಸಕ್ಕೆ ಹೊರಟೆ. ಕೊಳ್ಳೇಗಾಲದಿಂದ ಹನೂರಿಗೆ ಬಸ್ಸಿನಲ್ಲಿ ಕೂತರೆ ಒಂದು ಕಂತು ನೋಡಬಹುದು. ಒಂದು ಬೆಳಿಗ್ಗೆ ಇಯರ್‌ಫೋನಿನ ಪಿನ್ನು ಸರಿಯಾಗಿ ಕೂತಿರಲಿಲ್ಲ. ನನ್ನ ಕಿವಿಯಲ್ಲಿ ಸದ್ದಿಲ್ಲವಲ್ಲ ಎಂದು ವಾಲ್ಯೂಮು ಏರಿಸುತ್ತಾ ಹೋದೆ, ಇಡೀ ಬಸ್ಸಿಗೆ ಕ್ಯಾಂಟನೀಸ್ ಕೇಳಿಸಿತು. ಅದೂ ಕೋರ್ಟಿನಲ್ಲಿ ವಕೀಲ ಸಾಕ್ಷಿಯ ಮೇಲೆ ಹರಿಹಾಯುವ ಸೀನು.

ಕಂಡಕ್ಟರು ಟಿಕೆಟು ಕೊಡುವುದು ನಿಲ್ಲಿಸಿ ಯಾರು ಬೈಯುತ್ತಿರುವುದು ಎಂದು ಹುಡುಕಿಕೊಂಡು ಬಂದರು. ನನ್ನ ಪಕ್ಕದ ಸೀಟಿನಲ್ಲಿ ಟಿಬೆಟಿನ ಅಜ್ಜಿಯೊಬ್ಬರು ಕೂತಿದ್ದರು. ಹತ್ತಿರದ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿನವರು ನಮ್ಮ ಬಸ್ಸುಗಳಿಗೆ ಹೊಸಬರಲ್ಲ. ಆದರೂ ಕಂಡಕ್ಟರಿಗೆ ಅಜ್ಜಿಗೂ ಆ ಭಾಷೆಗೂ ಏನೋ ಸಂಬಂಧ ಇರಬೇಕು ಅನ್ನಿಸಿತು. ಅಜ್ಜಿಗೆ ಕೈಮುಗಿದು, ಗಲಾಟೆ ಬೇಡ ತಾಯಿ, ಫೋನಲ್ಲಿ ಮೆಲ್ಲಗೆ ಮಾತಾಡಿ ಅಂತ ತಮಗೆ ಬಂದಷ್ಟು ಹಿಂದಿಯಲ್ಲಿ ಕೇಳಿಕೊಂಡರು.

ನಾನು ನಾಚಿ, ಫೋನು ನನ್ನದು ಎಂದು ಒಪ್ಪಿಕೊಂಡು ಸದ್ದು ಅಡಗಿಸಿದೆ. ಮುಂದಿನ ಸೀಟಿನವರು ಬಿಡಲಿಲ್ಲ. ಆ ವಕೀಲ ಅಷ್ಟು ಹೊತ್ತು ಏನು ಬೈದ ಎಂದು ತಿಳಿದುಕೊಳ್ಳಬೇಕಿತ್ತು ಅವರಿಗೆ. ಅವರೂ ಅಜ್ಜಿಯನ್ನೇ ಕೇಳಿದರು. ಅಜ್ಜಿ ಜಪಮಣಿ ಪಕ್ಕಕ್ಕಿಟ್ಟು ನಮ್ಮ ಹನೂರಿನ ಕನ್ನಡದಲ್ಲೇ ಹೇಳಿದರು.

"ನಂಗ್ಯಾನ ಗೊತ್ತು ಕಣಪ್ಪ? ನಂಗೆ ಕನ್ನಡ ಸೀರಿಯಲ್ಲು ನೋಡಿ ಮುಗ್ಸಕೇ ಟೈಮಿಲ್ಲ."

ಬೀಳುವ ಕಲೆ

ಮೂರ್ಛೆ ಹೋಗುವ ಅಭಿನಯದ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿದೆ. ಹಾಂಗ್‌ಕಾಂಗಿನ ಹಳೇ ನಟಿಯರು ಎಲ್ಲಿ ಬೀಳುತ್ತೇವೆಂದು ನೋಡದೆ ಬೀಳುತ್ತಾರೆ. ಹೊಸ ಹುಡುಗಿಯರು ನಾಯಕನ ಕೈ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡು ಆಮೇಲೆ ಬೀಳುತ್ತಾರೆ.

ಕೌದಳ್ಳಿಯ ಹತ್ತಿರದ ಒಬ್ಬ ರೈತ ತಲೆಸುತ್ತು ಎಂದು ತನ್ನ ತಾಯಿಯನ್ನು ನಮ್ಮ ಆಸ್ಪತ್ರೆಗೆ ಕರೆತಂದಿದ್ದ. ಬಿಪಿ, ಶುಗರು ಎಲ್ಲ ನೋಡಿದ್ದಾಯಿತು, ಏನೂ ತೊಂದರೆ ಕಾಣಲಿಲ್ಲ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದಂತೆ ಅಜ್ಜಿ ಅಲ್ಲೇ ಕುಸಿದರು. ಕುಸಿಯುವ ಮುಂಚೆ ಕಣ್ಣಂಚಿನಲ್ಲಿ ನೆಲ ನೋಡಿ, ಒದ್ದೆ ಇರುವ ಕಡೆ ಬಿಟ್ಟು ಒಣಗಿದ ಕಡೆಗೆ ಸರಿದದ್ದನ್ನು ನಾನು ಗಮನಿಸಿದೆ.

ಮಗನನ್ನು ಎಳನೀರಿಗೆ ಕಳಿಸಿ, ಅಜ್ಜಿಯನ್ನು ಮಂಚಕ್ಕೆ ಮಲಗಿಸಿ, ಏನು ವಿಷಯ ಎಂದು ಮೆಲ್ಲಗೆ ಕೇಳಿದೆ. ಅಜ್ಜಿ ಒಂದು ಕಣ್ಣು ಬಿಟ್ಟು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಪಾಲಾರಿನ ಕಡೆ ಕೊಟ್ಟಿರುವ ಮಗಳಿಗೆ ಹೆರಿಗೆಯಾಗಿದೆ, ಮಗುವಿನ ಮುಖ ನೋಡಬೇಕು, ಮಗ ಇವತ್ತು ನಾಳೆ ಅನ್ನುತ್ತಲೇ ಇದ್ದಾನೆ, ಮನೆಯಲ್ಲಿ ಬಿದ್ದು ನೋಡಿದೆ, ಸುಣ್ಣದ ಗೋಡೆ ನೋಡಿದ ಹಾಗೆ ನನ್ನನ್ನು ನೋಡಿದ, ಅದಕ್ಕೇ ಇಲ್ಲಿ ಬಿದ್ದೆ ಅಂದರು. ಹೇಳುವಾಗ ಎರಡು ಕಣ್ಣಲ್ಲೂ ನೀರು ಬಂತು. ಅದು ಅಭಿನಯವಲ್ಲ.

ನಾನು ಡಾಕ್ಟರಿಗೆ ಹೇಳಿದೆ. ಅವರು ನಗುವನ್ನು ನುಂಗಿಕೊಂಡು ಮಗನನ್ನು ಕರೆದು, ಇವರಿಗೆ ಮಾತ್ರೆ ಬೇಡ, ಮಗಳನ್ನೂ ಮೊಮ್ಮಗುವನ್ನೂ ತೋರಿಸು, ಸರಿಹೋಗುತ್ತಾರೆ ಅಂದರು. ಮಗನಿಗೂ ಪಿಚ್ಚೆನಿಸಿತು. ಇಲ್ಲಿಂದಲೇ ಪಾಲಾರಿನ ಬಸ್ಸು ಹತ್ತಿಸುತ್ತೇನೆ ಎಂದು ಒಪ್ಪಿದ. ಅಜ್ಜಿ ಎದ್ದು ಚುರುಕಾಗಿ ಚಪ್ಪಲಿ ಮೆಟ್ಟಿಕೊಂಡರು.

ಗೇಟಿನವರೆಗೆ ಬಿಟ್ಟುಬರುವಾಗ ನನ್ನೊಳಗಿನ ವಿಮರ್ಶಕಿ ಸುಮ್ಮನಿರಲಿಲ್ಲ. ಎಲ್ಲಾ ಚೆನ್ನಾಗಿತ್ತು ಅಜ್ಜಿ, ಬೀಳೋ ಮುಂಚೆ ನೆಲ ನೋಡಬಾರದಿತ್ತು ಅಂದೆ.

"ನೋಡ್ದೆ ಬಿದ್ರೆ ಆಯ್ತದಾ ಕಣವ್ವ" ಅಂದರು ಅಜ್ಜಿ, "ಸೀರೆ ಒಸದು."

ಮುದ್ದೆ

ಹಾಂಗ್‌ಕಾಂಗ್ ಸೀರಿಯಲ್ಲಿನಲ್ಲಿ ಗಂಡ ಹೆಂಡತಿ ಬಾಯಿಬಿಟ್ಟು ಪ್ರೀತಿ ಹೇಳಿಕೊಳ್ಳುವುದು ಕಡಿಮೆ. ಊಟಕ್ಕೆ ಕೂತಾಗ ಅವನು ಮೀನಿನ ಒಳ್ಳೇ ಭಾಗ ಆರಿಸಿ ಸದ್ದಿಲ್ಲದೆ ಅವಳ ಬಟ್ಟಲಿಗೆ ಹಾಕುತ್ತಾನೆ. ಅವಳು ತಲೆ ಎತ್ತದೆ ತಿನ್ನುತ್ತಾಳೆ. ಅಷ್ಟೇ. ನನಗೆ ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಇದನ್ನು ನನ್ನ ಯಜಮಾನರಿಗೆ ಬಹಳ ಸಲ ಹೇಳಿದ್ದೆ. ಅವರು ರೇಷ್ಮೆಗೂಡಿನ ವ್ಯಾಪಾರಿ, ಗೂಡಿನ ಧಾರಣೆ ಬಿಟ್ಟು ಬೇರೆ ಯಾವುದಕ್ಕೂ ಮುಖದಲ್ಲಿ ಭಾವ ತೋರಿಸಿದವರಲ್ಲ.

ಒಂದು ಭಾನುವಾರ ಯಳಂದೂರಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ನನ್ನದು ಒಂದು ಮುದ್ದೆ ಮುಗಿದು ಹೊಟ್ಟೆ ತುಂಬಿತ್ತು. ಆಗ ಇವರು ತಮ್ಮ ತಟ್ಟೆಯಲ್ಲಿದ್ದ ಇನ್ನೂ ಮುಟ್ಟದ ಮುದ್ದೆಯನ್ನು ಎರಡು ಕೈಯಲ್ಲಿ ಎತ್ತಿ, ಏನೂ ಮಾತಾಡದೆ, ನನ್ನ ತಟ್ಟೆಯ ನಡುವೆ ಇಟ್ಟರು. ಇಟ್ಟು ಕಿಟಕಿಯ ಕಡೆ ನೋಡಿದರು. ಅದೇ ಆ ನಾಯಕನ ನೋಟ. ಇದನ್ನು ಇವರು ಅಭ್ಯಾಸ ಮಾಡಿಕೊಂಡೇ ಬಂದಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ತಲೆ ಎತ್ತದೆ ಮುದ್ದೆ ಮುರಿದು ಸಾರಿಗೆ ಅದ್ದಿದೆ.

ಅತ್ತೆ ಮಗನನ್ನೂ ನನ್ನ ತಟ್ಟೆಯನ್ನೂ ನೋಡಿದರು. "ಲೇ, ನಿಂಗೆ ಸೇರ್ದೇ ಇದ್ರೆ ಬುಟ್ಬುಡು. ಅವ್ಳು ತಟ್ಟೆಗ್ಯಾಕ್ಲಾ ತಳ್ತೀಯಾ?"

ಕೆಮಿಸ್ಟ್ರಿ

ಈಗ ಹೇಳುವುದನ್ನು ನಮ್ಮ ನೆಂಟರಿಷ್ಟರು ಯಾವ ಮನೆಯಲ್ಲಿ ಸೇರಿದರೂ ನನ್ನ ಎದುರಿಗೇ ಹೇಳಿ ನಗುತ್ತಾರೆ.

ನಾಯಕ ನಾಯಕಿ ಪಕ್ಕದಲ್ಲಿ ನಿಂತರೆ ಸಾಕು, ನೋಡುವ ನಮಗೆ ಏನೋ ಹತ್ತಿಕೊಂಡ ಹಾಗಾಗುತ್ತದಲ್ಲ, ಅದಕ್ಕೆ ಅಭಿಮಾನಿಗಳು ಕೆಮಿಸ್ಟ್ರಿ ಅನ್ನುತ್ತಾರೆ. ಕೆಲವು ಜೋಡಿ ತಬ್ಬಿಕೊಂಡರೂ ಅದು ಬರುವುದಿಲ್ಲ. ಕೆಲವರು ಒಂದು ಲೋಟ ಚಹಾ ಕೊಟ್ಟು ತೆಗೆದುಕೊಂಡರೆ ಬಂದುಬಿಡುತ್ತದೆ. ಅತ್ತೆಗೂ ಈ ಮಾತು ಕಲಿಸಿದ್ದೆ. ಹೊಸ ಜೋಡಿ ತೆರೆಗೆ ಬಂದಾಗಲೆಲ್ಲ, ಎಂಗವ್ವ, ಇದ್ದದಾ ಅಂತ ಕೇಳುತ್ತಿದ್ದರು.

ಹನೂರಿನಲ್ಲಿರುವ ನಮ್ಮ ಅಕ್ಕನ ಮಗಳನ್ನು ನೋಡಲು ಕೊಳ್ಳೇಗಾಲದ ಕಡೆಯಿಂದ ಒಂದು ಗಂಡು ಬಂತು. ರೇಷ್ಮೆ ಸೀರೆ ಅಂಗಡಿಯ ಮನೆ, ಹುಡುಗ ಬಿಎಸ್ಸಿ ಮುಗಿಸಿದ್ದಾನೆ ಎಂದಿದ್ದರು. ನಮ್ಮ ಹುಡುಗಿಯೂ ಬಿಎಸ್ಸಿ. ಇದಕ್ಕೂ ಹಿಂದೆ ಬಂದ ಸಂಬಂಧಗಳು ಒಂದೊಂದು ಕಾರಣಕ್ಕೆ ತಪ್ಪಿಹೋಗಿದ್ದವು, ಈ ಸಲವಾದರೂ ಕೂಡಿಬರಲಿ ಎಂದು ಅಕ್ಕ ಊಟ ತಿಂಡಿ ಬಿಟ್ಟು ಹರಕೆ ಹೊತ್ತಿದ್ದಳು. ಬಾಯಿ ಮುಚ್ಚಿಕೊಂಡಿರಬೇಕು, ಸೀರಿಯಲ್ಲಿನ ಸುದ್ದಿ ಎತ್ತಬಾರದು ಎಂದು ನನಗೆ ಮೊದಲೇ ತಾಕೀತು ಮಾಡಿದ್ದಳು.

ಹುಡುಗ ಉಪ್ಪಿಟ್ಟಿನಲ್ಲಿ ಏನನ್ನೋ ಹುಡುಕುತ್ತಿದ್ದ. ಹುಡುಗಿ ಫ್ಯಾನು ನೋಡುತ್ತಿದ್ದಳು. ದೊಡ್ಡವರು ಮಾತಾಡಿ ಮಾತಾಡಿ ಮಾತು ಖಾಲಿಯಾಯಿತು. ಪಕ್ಕದಲ್ಲಿದ್ದ ಅತ್ತೆ, ಎಂಗವ್ವ, ಇದ್ದದಾ ಅಂತ ಪಿಸುಗುಟ್ಟಿದರು. ಇಲ್ಲ ಎಂದು ನಾನೂ ಪಿಸುಗುಟ್ಟಿದೆ. ಅತ್ತೆಗೆ ಒಂದು ಕಿವಿ ಸ್ವಲ್ಪ ಮಂದ, ನಾನು ಕೂತದ್ದು ಅದೇ ಕಡೆ. ಏನು ಎಂದು ಮತ್ತೆ ಕೇಳಿದರು. ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಇಡೀ ಪಡಸಾಲೆ ಸುಮ್ಮನಿದ್ದ ಹೊತ್ತದು.

"ಹುಡುಗನಿಗೆ ಕೆಮಿಸ್ಟ್ರಿ ಇಲ್ಲ ಅತ್ತೆ."

ಹುಡುಗನ ತಂದೆ ಕಾಫಿ ಲೋಟ ಕೆಳಗಿಟ್ಟರು. ಮುಖ ಬಿಳಿಚಿಕೊಂಡಿತ್ತು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಗೆ ಯಾರ್ ಯೋಳುದ್ರು ತಾಯಿ?" ಅಂದರು. ಬೇರೆ ಎಲ್ಲಾ ಪಾಸಾಗಿದೆ, ಅದೊಂದು ಕೆಮಿಸ್ಟ್ರಿ ಮಾತ್ರ ಫೇಲಾಗಿ ನಿಂತುಹೋಗಿದೆ, ಮಾತುಕತೆ ಮುಂದುವರಿದರೆ ತಾವೇ ತಿಳಿಸಬೇಕೆಂದಿದ್ದರಂತೆ.

ಅಕ್ಕ ನನ್ನನ್ನು ನೋಡಿದ ನೋಟ ಯಾವ ನಟಿಗೂ ಬಾರದು. ಈ ಸಂಬಂಧವೂ ಮುಗಿಯಿತು, ಅದೂ ನನ್ನ ಬಾಯಿಂದ ಅಂದುಕೊಂಡೆ. ಆಗ ಹುಡುಗ ತಟ್ಟೆ ಬದಿಗಿಟ್ಟು ಮೊದಲ ಸಲ ತಲೆ ಎತ್ತಿದ. ಮುಚ್ಚಿಡುವುದು ತನಗೂ ಇಷ್ಟವಿರಲಿಲ್ಲ, ಬೇಕಾದಷ್ಟು ಸಲ ಪರೀಕ್ಷೆ ಕಟ್ಟಿದರೂ ಅದು ತಲೆಗೆ ಹತ್ತಲಿಲ್ಲ ಎಂದು ನೇರವಾಗಿ ನಮ್ಮ ಹುಡುಗಿಗೇ ಹೇಳಿದ.

ನಮ್ಮ ಹುಡುಗಿ ಫ್ಯಾನಿನಿಂದ ಕಣ್ಣಿಳಿಸಿದಳು. "ನಂದೂ ಅದೇ ನಿಂತಿರೋದು" ಅಂದಳು.

ಈಗ ಬಿಳಿಚುವ ಸರದಿ ಅಕ್ಕನದು. ಮಗಳು ಬಿಎಸ್ಸಿ ಪಾಸು ಎಂದು ಊರಿಗೆಲ್ಲ ಹೇಳಿಕೊಂಡವಳು ಅವಳೇ. ಹುಡುಗ ಮಾತ್ರ ಮುಂದಕ್ಕೆ ಬಾಗಿ, ಯಾವ ಪೇಪರು ಎಂದು ಕೇಳಿದ. ಆರ್ಗ್ಯಾನಿಕ್ ಅಂದಳು ಇವಳು. ತನ್ನದೂ ಅದೇ ಎಂದ ಅವನು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಅವನು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದ, ಇವಳು ನೀರಿನ ಲೋಟ ಅವನ ಕಡೆ ಸರಿಸಿ ಬೇರೆಲ್ಲೋ ನೋಡಿದಳು. ಇಂಥ ಸೀನಿಗಾಗಿ ನಾನು ಎಷ್ಟೋ ಕಂತು ಕಾದಿದ್ದೇನೆ. ಮುಂದೆ ಆ ಮದುವೆ ಸುಸೂತ್ರವಾಗಿ ಆಯಿತು, ಇಬ್ಬರೂ ಈಗ ಅಂಗಡಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಆವತ್ತು ಮಾತ್ರ ನನಗೆ ಮೈಮೇಲೆ ಜ್ಞಾನವಿರಲಿಲ್ಲ. ಅತ್ತೆಯ ಕೈ ಹಿಡಿದು ಅಲುಗಿಸಿ, ಎಲ್ಲರಿಗೂ ಕೇಳುವ ಹಾಗೆ, "ಈಗ ಬಂತು ನೋಡಿ ಅತ್ತೆ, ಕೆಮಿಸ್ಟ್ರಿ" ಅಂದುಬಿಟ್ಟೆ.

ಹುಡುಗನ ತಂದೆ ನಿಟ್ಟುಸಿರು ಬಿಟ್ಟರು.

"ಈಗ ಬಂದು ಯಾನ ಮಾಡದು ತಾಯಿ? ಪರೀಕ್ಷೆ ಮುಗ್ದು ನಾಕ್ ವರ್ಷ ಆಯ್ತಲ್ಲ."